ಇಬ್ಬರು, ಒಂದು ವ್ಯಾನು, ಮೂರು ಟ್ಯಾಂಕು: ನ್ಯೂಜಿಲೆಂಡಿನ ಸರೋವರಗಳ ದಾರಿಯಲ್ಲಿ ಹತ್ತು ದಿನ

ಕ್ರೈಸ್ಟ್‌ಚರ್ಚ್‌ನಿಂದ ಹೊರಟು ಟೆಕಪೊ, ಪುಕಾಕಿ, ವನಾಕಾ, ವಕಾಟಿಪು ಸರೋವರಗಳನ್ನು ನೋಡಿಕೊಂಡು ಮತ್ತೆ ಕ್ರೈಸ್ಟ್‌ಚರ್ಚ್‌ಗೆ ಬರುವ ದಾರಿ ಸುಮಾರು 1,250 ಕಿ.ಮೀ. ಮ್ಯಾಪಿನಲ್ಲಿ ನೋಡಿದರೆ ನಾಲ್ಕು ದಿನದ ಕೆಲಸ ಅನ್ನಿಸುತ್ತದೆ. ಕಾರಿನಲ್ಲಿ ಹೋಗಿ ಹೋಟೆಲಿನಲ್ಲಿ ಮಲಗುವವರಿಗೆ ಅದು ನಿಜವೂ ಇರಬಹುದು. ಮಲಗುವುದು, ಅಡುಗೆ ಎಲ್ಲ ಗಾಡಿಯಲ್ಲೇ ನಡೆಯುವ ಕ್ಯಾಂಪರ್‌ವ್ಯಾನಿನಲ್ಲಿ ಮಾತ್ರ ಲೆಕ್ಕ ಬೇರೆ. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಅನ್ನುವುದನ್ನು ಕುಡಿಯುವ ನೀರಿನ ಟ್ಯಾಂಕು, ಬಚ್ಚಲು ನೀರಿನ ಟ್ಯಾಂಕು, ಕಕ್ಕಸಿನ ಡಬ್ಬಿ ಮತ್ತು ಒಂದು ಬ್ಯಾಟರಿ ಸೇರಿ ತೀರ್ಮಾನಿಸುತ್ತವೆ. ಈ ನಾಲ್ಕನ್ನು ಮೊದಲೇ ಅರ್ಥ ಮಾಡಿಕೊಂಡರೆ ಉಳಿದದ್ದು ಸಲೀಸು. ಅರ್ಥ ಮಾಡಿಕೊಳ್ಳದಿದ್ದರೆ ಮೂರನೇ ರಾತ್ರಿ, ಔರಾಕಿ ಬೆಟ್ಟದ ಬುಡದಲ್ಲಿ, ಹೀಟರ್ ಆರಿಹೋದ ವ್ಯಾನಿನಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಕೂರುವ ಪರಿಸ್ಥಿತಿ ಬರುತ್ತದೆ.

ಹೊರಡುವ ಮುಂಚಿನ ಕಾಗದ ಪತ್ರ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವಿಸಿಟರ್ ವೀಸಾ ಬೇಕು. ಜೊತೆಗೆ ಪ್ರವಾಸಿಗರ ಸುಂಕವಿದೆ. 2024ರ ಅಕ್ಟೋಬರ್‌ನಿಂದ ಅದು ತಲೆಗೆ 100 ನ್ಯೂಜಿಲೆಂಡ್ ಡಾಲರ್. ಇಂಗ್ಲಿಷಿನಲ್ಲಿ ಮುದ್ರಿಸಿದ ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನಡೆಯುತ್ತದೆ, ಆದರೆ ಅಸಲಿ ಕಾರ್ಡೇ ಕೈಯಲ್ಲಿರಬೇಕು. ಫೋನಿನಲ್ಲಿರುವ ಪ್ರತಿ ಸಾಲದು. ಕೆಲವು ಬಾಡಿಗೆ ಕಂಪನಿಗಳು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೂಡ ಕೇಳುತ್ತವೆ. ಆರ್‌ಟಿಒ ಕಚೇರಿಯಲ್ಲಿ ಮಾಡಿಸಿಟ್ಟುಕೊಂಡರೆ ವಾದಕ್ಕೆ ಎಡೆ ಇರುವುದಿಲ್ಲ. ಇಬ್ಬರ ಹೆಸರನ್ನೂ ಡ್ರೈವರ್ ಎಂದು ಬರೆಸಿ. ಒಬ್ಬರಿಗೆ ಜ್ವರ ಬಂದರೆ ವ್ಯಾನು ನಿಂತಲ್ಲೇ ನಿಲ್ಲಬಾರದು.

ಅಪಘಾತದಲ್ಲಿ ಗಾಯವಾದರೆ ಅಲ್ಲಿನ ಸರ್ಕಾರಿ ಯೋಜನೆ ಪ್ರವಾಸಿಗರ ಚಿಕಿತ್ಸೆಗೂ ನೆರವಾಗುತ್ತದೆ, ಕಾಯಿಲೆಗೆ ಆಗುವುದಿಲ್ಲ. ಹಾಗಾಗಿ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು.

ಇನ್ನು ತಿಂಡಿ ತಿನಿಸು. ನ್ಯೂಜಿಲೆಂಡಿನ ಗಡಿ ತಪಾಸಣೆ ಬಹಳ ಬಿಗಿ. ಕರಿಬೇವು, ಜೇನುತುಪ್ಪ, ಹಣ್ಣು, ಮೊಳಕೆ ಬರುವ ಬೀಜ ಇವನ್ನೆಲ್ಲ ಮನೆಯಲ್ಲೇ ಬಿಡಿ. ಸಾರಿನ ಪುಡಿ, ಚಟ್ನಿಪುಡಿ ತರಲೇಬೇಕೆಂದರೆ ಕಂಪನಿಯ ಸೀಲ್ ಇರುವ ಪ್ಯಾಕೆಟ್ ತಂದು ಫಾರಂನಲ್ಲಿ ಕಡ್ಡಾಯವಾಗಿ ಬರೆಯಿರಿ. ಬರೆದ ವಸ್ತುವನ್ನು ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ, ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಹಳೆಯ ಟ್ರೆಕ್ಕಿಂಗ್ ಬೂಟಿನ ಅಡಿಯ ಮಣ್ಣನ್ನು ಊರಲ್ಲೇ ಬ್ರಷ್ ಹಾಕಿ ತೊಳೆದು, ಅದನ್ನೂ ಘೋಷಿಸಿ. ಬೇಳೆ, ಅಕ್ಕಿ, ಸಾಸಿವೆ, ಇಂಗು ಎಲ್ಲ ಕ್ರೈಸ್ಟ್‌ಚರ್ಚ್‌ನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ.

ಯಾವ ವ್ಯಾನು?

ಇಬ್ಬರಿಗೆ ಎರಡು ನಮೂನೆ ಸಿಗುತ್ತವೆ. ಒಂದು, ಹಯೇಸ್ ಗಾತ್ರದ ಸಣ್ಣ ವ್ಯಾನು: ಹಿಂದೆ ಹಾಸಿಗೆ, ಡಿಕ್ಕಿ ತೆಗೆದರೆ ಅಡುಗೆ ಕಟ್ಟೆ. ಬಾಡಿಗೆ ಕಡಿಮೆ, ಓಡಿಸಲು ಕಾರಿನಷ್ಟೇ ಸುಲಭ. ಆದರೆ ಮಳೆ ಬಂದರೆ ಅಡುಗೆ ಹೊರಗೆ, ನಿಮ್ಮ ಬೆನ್ನೂ ಹೊರಗೆ. ಇನ್ನೊಂದು, ಸ್ಪ್ರಿಂಟರ್ ಅಥವಾ ಕ್ರಾಫ್ಟರ್ ಗಾತ್ರದ ಎತ್ತರದ ವ್ಯಾನು: ಸುಮಾರು 7 ಮೀಟರ್ ಉದ್ದ, ಒಳಗೆ ನಿಂತು ಓಡಾಡಬಹುದು, ಕಕ್ಕಸು, ಶವರ್, ಎರಡು ಬರ್ನರ್ ಒಲೆ, ಡೀಸೆಲ್ ಹೀಟರ್ ಎಲ್ಲ ಇರುತ್ತದೆ.

ಕಾಸಿನ ಲೆಕ್ಕ ನೋಡಿ ಮೊದಲನೆಯದನ್ನು ಆರಿಸುವವರು ಒಂದು ಕಾನೂನನ್ನು ಗಮನಿಸಬೇಕು. 2023ರ ಜೂನ್‌ನಲ್ಲಿ ಬಂದ ಹೊಸ ನಿಯಮದ ಪ್ರಕಾರ ವ್ಯಾನಿನೊಳಗೆ ನೆಲಕ್ಕೆ ಬಿಗಿದ ಕಕ್ಕಸು ಇದ್ದರೆ ಮಾತ್ರ ಅದಕ್ಕೆ ‘ಸೆಲ್ಫ್ ಕಂಟೇನ್ಡ್’, ಅಂದರೆ ನೀರು, ಕಕ್ಕಸು ಎಲ್ಲ ಒಳಗೇ ಇರುವ ಗಾಡಿ, ಎಂಬ ಪ್ರಮಾಣಪತ್ರ ಸಿಗುತ್ತದೆ. ಹಾಸಿಗೆ ಕೆಳಗೆ ಎತ್ತಿಡುವ ಪೋರ್ಟಬಲ್ ಟಾಯ್ಲೆಟ್ ಈಗ ಲೆಕ್ಕಕ್ಕಿಲ್ಲ. ಆ ಪ್ರಮಾಣಪತ್ರದ ಗುರುತಾದ ಹಸಿರು ಬಣ್ಣದ ವಾರಂಟ್ ಚೀಟಿ ಇಲ್ಲದ ವ್ಯಾನನ್ನು ಊರಾಚೆಯ ಉಚಿತ ತಾಣದಲ್ಲಿ ರಾತ್ರಿ ನಿಲ್ಲಿಸಿದರೆ ದಂಡ 400 ಡಾಲರ್‌ನಿಂದ ಶುರು. ವಾರಂಟ್ ಇದ್ದ ಮಾತ್ರಕ್ಕೆ ಎಲ್ಲಿ ಬೇಕಾದರೂ ನಿಲ್ಲಬಹುದು ಎಂದೂ ಅಲ್ಲ. ಪ್ರತಿ ಜಿಲ್ಲಾ ಕೌನ್ಸಿಲ್‌ಗೆ ತನ್ನದೇ ನಿಷೇಧಗಳಿವೆ. ಕ್ವೀನ್ಸ್‌ಟೌನ್ ಸುತ್ತಮುತ್ತ ಅವು ಮತ್ತೆ ಮತ್ತೆ ಬದಲಾಗಿವೆ. ತಂಗುವ ತಾಣ ಹುಡುಕಲು ಬಳಸುವ ಕ್ಯಾಂಪರ್‌ಮೇಟ್ ಆ್ಯಪ್ ತೋರಿಸಿದ್ದನ್ನು ಸ್ಥಳದ ಬೋರ್ಡಿನ ಜೊತೆ ತಾಳೆ ನೋಡಿ. ಬೋರ್ಡ್ ಹೇಳಿದ್ದೇ ಕೊನೆ ಮಾತು.

ನಮ್ಮ ಶಿಫಾರಸು ಎರಡನೆಯ ನಮೂನೆಯೇ, ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ. ಆಗ ಶಾಲೆ ರಜೆಯ ಜಂಗುಳಿ ಮುಗಿದಿರುತ್ತದೆ, ಹಗಲು ಇನ್ನೂ ಉದ್ದವಿರುತ್ತದೆ. ಟೆಕಪೊ ದಂಡೆಯ ನೇರಳೆ ಲೂಪಿನ್ ಹೂವೇ ಬೇಕೆಂದರೆ ನವೆಂಬರ್ ನಡುವಿನಿಂದ ಡಿಸೆಂಬರ್‌ವರೆಗೆ ಹೋಗಬೇಕು. ಫೋಟೊದಲ್ಲಿ ಅಷ್ಟು ಚೆಂದ ಕಾಣುವ ಆ ಹೂವು ಅಲ್ಲಿಯವರಿಗೆ ನದಿ ಪಾತ್ರವನ್ನು ನುಂಗುವ ಕಳೆ, ನಮ್ಮ ಲಂಟಾನದ ಹಾಗೆ.

ವ್ಯಾನು ಕೈಗೆ ಬಂದ ಒಂದು ಗಂಟೆ

ವಿಮಾನ ಇಳಿದ ದಿನವೇ ವ್ಯಾನು ತೆಗೆದುಕೊಳ್ಳಬೇಡಿ. ಬೆಂಗಳೂರಿನಿಂದ ಬರುವವರಿಗೆ ಒಂದು ರಾತ್ರಿಯಿಡೀ ನಿದ್ದೆಗೆಟ್ಟಿರುತ್ತದೆ. ರಾತ್ರಿ ಹೋಟೆಲಿನಲ್ಲಿ ಮಲಗಿ ಬೆಳಿಗ್ಗೆ ಹೋಗಿ. ಡಿಪೋದಲ್ಲಿ ಆತುರ ಬೇಡ, ಒಂದು ಗಂಟೆ ಅಲ್ಲಿಗೇ ಮೀಸಲಿಡಿ.

ಮೊದಲು ವೀಡಿಯೊ: ನಾಲ್ಕೂ ಮೂಲೆ, ಮುಂದಿನ ಗಾಜಿನ ಚುಕ್ಕೆಗಳು, ಟೈರು, ತಲೆಯ ಮೇಲಿನ ಭಾಗ. ಆಮೇಲೆ ಸಿಬ್ಬಂದಿಯ ಎದುರೇ ಒಂದೊಂದನ್ನೂ ಚಾಲೂ ಮಾಡಿಸಿ ನೋಡಿ. ನಲ್ಲಿ ತಿರುಗಿಸಿದರೆ ಪಂಪು ಗುರ್ ಎಂದು ಓಡಿ, ಮುಚ್ಚಿದ ಮೇಲೆ ನಿಲ್ಲಬೇಕು. ಮುಚ್ಚಿದ ಮೇಲೂ ಓಡುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಟ್ಯಾಂಕು ಬರಿದಾಗಿದೆ. ಹೀಟರ್ ಹೊತ್ತಿಕೊಳ್ಳಲು ಐದು ನಿಮಿಷ ಬೇಕು, ಅಷ್ಟು ಹೊತ್ತು ಕಾಯಿರಿ. ಬಚ್ಚಲು ನೀರಿನ ಟ್ಯಾಂಕು ಮತ್ತು ಕಕ್ಕಸಿನ ಡಬ್ಬಿ ಖಾಲಿ ಇವೆಯೇ ಎಂದು ತೆಗೆದು ತೋರಿಸಲು ಹೇಳಿ. ಫ್ಯೂಸ್ ಪೆಟ್ಟಿಗೆ ಎಲ್ಲಿದೆ, ಬಿಸಿನೀರು ಗ್ಯಾಸಿನಿಂದ ಬರುತ್ತದೋ ಎಂಜಿನ್ನಿನ ಕಾವಿನಿಂದಲೋ, ಹೊರಗಿನ ಕರೆಂಟಿಗೆ ಜೋಡಿಸುವ ದಪ್ಪ ವೈರು, ನೀರು ತುಂಬುವ ಪೈಪು ಎಲ್ಲಿವೆ, ಇವು ನಾಲ್ಕನ್ನೂ ಕೇಳದೆ ಹೊರಡಬೇಡಿ.

ಒಪ್ಪಂದದಲ್ಲಿ ಸಣ್ಣ ಅಕ್ಷರದ ನಾಲ್ಕು ಸಾಲು ಹುಡುಕಿ ಓದಿ. ಡೀಸೆಲ್ ಗಾಡಿಗಾದರೆ ಕಿ.ಮೀ. ಲೆಕ್ಕದಲ್ಲಿ ರಸ್ತೆ ತೆರಿಗೆ ಕೊನೆಯಲ್ಲಿ ಸೇರಿಸುತ್ತಾರೆ. ಚಾವಣಿಗೆ ಆದ ಹಾನಿ, ತಪ್ಪು ಇಂಧನ, ಗಾಳಿಗೆ ಕಿತ್ತುಹೋದ ಬಾಗಿಲು, ಇವನ್ನು ‘ಪೂರ್ತಿ’ ಎನ್ನುವ ಇನ್ಶೂರೆನ್ಸ್ ಕೂಡ ಹಲವು ಸಲ ಹೊರಗಿಡುತ್ತದೆ. ಹೋಗಬಾರದ ರಸ್ತೆಗಳ ಪಟ್ಟಿಯೂ ಇರುತ್ತದೆ. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ಕಣಿವೆಯ ದಾರಿ ಅದರಲ್ಲಿ ಸದಾ ಇದ್ದೇ ಇರುತ್ತದೆ.

ಆಮೇಲೆ ಸೂಪರ್‌ಮಾರ್ಕೆಟ್. ಪಾರ್ಕಿಂಗ್ ದ್ವಾರದಲ್ಲಿ ಎತ್ತರದ ಮಿತಿ ತೋರಿಸುವ ಕಂಬಿಯನ್ನು ನೋಡಿ ನುಗ್ಗಿ. ನಿಮ್ಮ ವ್ಯಾನಿನ ಎತ್ತರವನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸುವುದು ಮಕ್ಕಳಾಟದಂತೆ ಕಂಡರೂ ಸಾವಿರಾರು ಡಾಲರ್ ಉಳಿಸುತ್ತದೆ.

ನೀರಿನ ಲೆಕ್ಕ

ಇಂಥ ವ್ಯಾನುಗಳ ಕುಡಿಯುವ ನೀರಿನ ಟ್ಯಾಂಕು ಸಾಮಾನ್ಯವಾಗಿ 80ರಿಂದ 100 ಲೀಟರ್. ಪಂಪು ನಿಮಿಷಕ್ಕೆ ಆರೇಳು ಲೀಟರ್ ಬಿಡುತ್ತದೆ ಎಂದುಕೊಳ್ಳಿ. ಇಬ್ಬರೂ ಮೂರು ಮೂರು ನಿಮಿಷ ಶವರ್ ಮಾಡಿದರೆ 40 ಲೀಟರ್ ಮಾಯ. ಪಾತ್ರೆಗೆ 10, ಅಡುಗೆ ಮತ್ತು ಕುಡಿಯಲು 6, ಕೈ ಬಾಯಿಗೆ 6. ಅಂದರೆ ಶವರ್ ಮಾಡಿದ ದಿನ 60 ಲೀಟರ್ ದಾಟುತ್ತದೆ, ಮಾಡದ ದಿನ 22ಕ್ಕೆ ಮುಗಿಯುತ್ತದೆ. ಕರೆಂಟು, ನೀರು ಕೊಡುವ ಹಾಲಿಡೇ ಪಾರ್ಕಿನಲ್ಲಿ ಅವರದೇ ಸ್ನಾನದ ಮನೆ ಬಳಸಿ. ಬರಿಯ ತಾಣದಲ್ಲಿ ಪಾತ್ರೆಯಲ್ಲಿ ಕಾಯಿಸಿದ ನೀರನ್ನು ಸಣ್ಣ ಬಕೆಟ್ಟಿಗೆ ಬೆರೆಸಿ ಚೊಂಬಿನ ಸ್ನಾನ ಮಾಡಿದರೆ ಐದು ಲೀಟರಿನಲ್ಲಿ ಕೆಲಸ ಆಗುತ್ತದೆ. ಈ ವಿದ್ಯೆಯಲ್ಲಿ ಅಲ್ಲಿನ ಬಿಳಿಯರಿಗಿಂತ ನಾವು ಮುಂದೆ.

ಬಳಸಿದ ನೀರೆಲ್ಲ ಬಚ್ಚಲು ಟ್ಯಾಂಕಿಗೆ ಇಳಿಯುತ್ತದೆ. ಅದು ತುಂಬಿದ್ದರೆ ಮೊದಲ ಸೂಚನೆ ಶವರಿನ ಜಾಲರಿಯಿಂದ ಬರುವ ವಾಸನೆ, ಎರಡನೆಯದು ನೀರು ಮೇಲಕ್ಕೆ ಉಕ್ಕುವುದು. ಸಾಂಬಾರಿನ ಎಣ್ಣೆ ಜಿಡ್ಡು ಹೋದರೆ ವಾಸನೆ ಎರಡೇ ದಿನಕ್ಕೆ ಶುರು. ಪಾತ್ರೆಯನ್ನು ಮೊದಲು ಟಿಶ್ಯೂವಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಸರೋವರದಲ್ಲಂತೂ ಪಾತ್ರೆ ತೊಳೆಯಬೇಡಿ. ಡಿಡಿಮೊ ಎಂಬ ಪಾಚಿ ಇಲ್ಲಿನ ನದಿಗಳಿಗೆ ಅಂಟಿದ ರೋಗ. ಒಂದು ನೀರಿನಿಂದ ಇನ್ನೊಂದಕ್ಕೆ ಒದ್ದೆ ಚಪ್ಪಲಿಯಲ್ಲೂ ಹೋಗುತ್ತದೆ.

ಕಕ್ಕಸಿನ ಡಬ್ಬಿ

ಎಲ್ಲರೂ ಮುಖ ಸಿಂಡರಿಸುವ, ಆದರೆ ಯಾರೂ ಸರಿಯಾಗಿ ಹೇಳಿಕೊಡದ ಭಾಗ ಇದು, ಅದಕ್ಕೇ ವಿವರವಾಗಿ.

ಡಬ್ಬಿ 17ರಿಂದ 20 ಲೀಟರ್ ಹಿಡಿಯುತ್ತದೆ. ಕಾಗದ ಬಳಸುವ ಇಬ್ಬರಿಗೆ ಎರಡೂವರೆ ಮೂರು ದಿನ ಸಾಕು. ನೀರು ಬಳಸುವ ನಮ್ಮವರಿಗೆ ಒಂದೂವರೆ ದಿನದಲ್ಲೇ ತುಂಬುತ್ತದೆ, ಏಕೆಂದರೆ ಒಂದು ಚೊಂಬು ಎಂದರೆ ಒಂದು ಲೀಟರ್. ಪರಿಹಾರ: ಮೂತಿಯಿರುವ ಕಾಲು ಲೀಟರಿನ ಒತ್ತುವ ಬಾಟಲಿ ಇಟ್ಟುಕೊಳ್ಳಿ. ಊರಿನ ಸಾರ್ವಜನಿಕ ಶೌಚಾಲಯ ಕಂಡಲ್ಲೆಲ್ಲ ಅದನ್ನೇ ಬಳಸಿ. ನ್ಯೂಜಿಲೆಂಡಿನಲ್ಲಿ ಅವು ಬಹುತೇಕ ಎಲ್ಲ ಊರಲ್ಲೂ ಇವೆ, ಚೊಕ್ಕಟವಾಗಿವೆ, ಸಾಮಾನ್ಯವಾಗಿ ಉಚಿತ.

ಖಾಲಿ ಮಾಡಲು ‘ಡಂಪ್ ಸ್ಟೇಷನ್’ ಎಂಬ ನಿಗದಿತ ಜಾಗಗಳಿವೆ. ಗ್ಲೌಸ್ ಹಾಕಿಕೊಳ್ಳಿ. ಒಳಗೆ ಆಸನದ ಕೆಳಗಿನ ತಟ್ಟೆಯ ಹಿಡಿಯನ್ನು ಪೂರ್ತಿ ಮುಚ್ಚಿ. ಇದನ್ನು ಮರೆತರೆ ಡಬ್ಬಿ ಹೊರಕ್ಕೆ ಜಾರುವುದೇ ಇಲ್ಲ. ಬಲ ಹಾಕಿ ಎಳೆದವರು ಆ ತಟ್ಟೆಯನ್ನೇ ಮುರಿದು ದಂಡ ತೆತ್ತಿದ್ದಾರೆ. ಹೊರಗಿನ ಸಣ್ಣ ಬಾಗಿಲು ತೆರೆದು, ಕೊಕ್ಕೆ ಒತ್ತಿ ಡಬ್ಬಿಯನ್ನು ನೆಟ್ಟಗೆ ಎಳೆಯಿರಿ. ಚಕ್ರ ಇದ್ದರೆ ಉರುಳಿಸಿಕೊಂಡು ಹೋಗಿ. ಮೂತಿಯನ್ನು ಹೊರಕ್ಕೆ ತಿರುಗಿಸಿ ಮುಚ್ಚಳ ತೆಗೆಯಿರಿ. ಬಗ್ಗಿಸುವಾಗ ಹೆಬ್ಬೆರಳಿನಿಂದ ಗಾಳಿಯ ಗುಂಡಿಯನ್ನು ಒತ್ತಿ ಹಿಡಿಯಿರಿ. ಒತ್ತದಿದ್ದರೆ ಒಳಗೆ ಗಾಳಿ ಹೋಗದೆ ಗಳಗಳ ಎಂದು ಉಗ್ಗುತ್ತಾ ಸುರಿದು ಪ್ಯಾಂಟಿಗೆ ಸಿಡಿಯುತ್ತದೆ. ಅಲ್ಲಿರುವ ತೊಳೆಯುವ ನಲ್ಲಿಯಿಂದ ಎರಡು ಸಲ ಕುಲುಕಿ ತೊಳೆಯಿರಿ. ಕುಡಿಯುವ ನೀರಿನ ನಲ್ಲಿ ಬೇರೆ ಇರುತ್ತದೆ. ಅದಕ್ಕೆ ಈ ಡಬ್ಬಿಯನ್ನೂ ಡಬ್ಬಿ ತೊಳೆಯುವ ಪೈಪನ್ನೂ ತಾಗಿಸಬೇಡಿ. ಕೊನೆಗೆ ಎರಡು ಲೀಟರ್ ನೀರು, ಟಾಯ್ಲೆಟ್ ಔಷಧಿಯ ಬಾಟಲಿಯ ಮೇಲೆ ಬರೆದಷ್ಟು ಔಷಧಿ ಹಾಕಿ ಒಳಗೆ ತಳ್ಳಿ. ಕೊಕ್ಕೆ ಟಕ್ ಎನ್ನಬೇಕು.

ವೆಟ್ ವೈಪ್ಸ್, ದಪ್ಪ ಟಿಶ್ಯೂ ಹಾಕಿದರೆ ಮೂತಿಯಲ್ಲಿ ಕಟ್ಟಿಕೊಳ್ಳುತ್ತದೆ. ಡಬ್ಬಿ ತುಂಬಿತೆಂದು ಕೆಂಪು ದೀಪ ಹೊತ್ತುವವರೆಗೆ ಕಾಯದೆ, ದಾರಿಯಲ್ಲಿ ಡಂಪ್ ಸ್ಟೇಷನ್ ಸಿಕ್ಕಾಗಲೇ ಮುಗಿಸಿ. ಜೆರಾಲ್ಡಿನ್, ಟೆಕಪೊ, ಟ್ವೈಜಲ್, ವನಾಕಾ, ಕ್ವೀನ್ಸ್‌ಟೌನ್ ಪಕ್ಕದ ಫ್ರಾಂಕ್‌ಟನ್, ಇಷ್ಟು ಊರು ನೆನಪಿಟ್ಟುಕೊಂಡರೆ ಸಾಕು.

ಬ್ಯಾಟರಿ ಮತ್ತು ಚಳಿ

ಎಂಜಿನ್ನಿನ ಬ್ಯಾಟರಿ ಬೇರೆ, ಮನೆಯ ಬ್ಯಾಟರಿ ಬೇರೆ. ದೀಪ, ಪಂಪು, ಫ್ರಿಜ್, ಹೀಟರಿನ ಫ್ಯಾನು ಎರಡನೆಯದರಲ್ಲಿ ನಡೆಯುತ್ತವೆ. ಮೈಕ್ರೊವೇವ್, ಗೋಡೆಯ ದೊಡ್ಡ ಪ್ಲಗ್ಗುಗಳು ಹೊರಗಿನ 230 ವೋಲ್ಟ್ ಕರೆಂಟು ಜೋಡಿಸಿದಾಗ ಮಾತ್ರ ಕೆಲಸ ಮಾಡುತ್ತವೆ. ಮಿಕ್ಸಿ, ಇಂಡಕ್ಷನ್ ಒಲೆ ಹೊತ್ತು ತರುವ ಆಸೆ ಬಿಡಿ.

100 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ ನಿಜಕ್ಕೂ ಬಳಸಬಹುದಾದದ್ದು ಅರ್ಧ. ಫ್ರಿಜ್ ಒಂದೇ ದಿನಕ್ಕೆ 30-40 ನುಂಗುತ್ತದೆ. ಹಾಗಾಗಿ ಕರೆಂಟಿಲ್ಲದ ತಾಣದಲ್ಲಿ ಮೊದಲ ರಾತ್ರಿ ಆರಾಮ, ಗಾಡಿ ಓಡಿಸದೆ ಎರಡನೇ ರಾತ್ರಿ ಕಳೆದರೆ ಪರದಾಟ. ಮೀಟರಿನಲ್ಲಿ 12.7 ವೋಲ್ಟ್ ತೋರಿಸಿದರೆ ಪೂರ್ತಿ, 12.2 ಅಂದರೆ ಅರ್ಧ. 12ರ ಕೆಳಗಿಳಿದರೆ ಹೀಟರ್ ಹೊತ್ತುವುದೇ ಇಲ್ಲ, ಏಕೆಂದರೆ ಅದು ಹೊತ್ತಿಕೊಳ್ಳುವ ಮೊದಲ ಎರಡು ನಿಮಿಷ ಬಹಳ ಕರೆಂಟು ಎಳೆಯುತ್ತದೆ. ‘ಡೀಸೆಲ್ ಇದೆ, ಹೀಟರ್ ಯಾಕೆ ಬರುತ್ತಿಲ್ಲ’ ಎಂದು ನಡುರಾತ್ರಿ ಒದ್ದಾಡುವವರಲ್ಲಿ ಮುಕ್ಕಾಲು ಪಾಲಿನ ಸಮಸ್ಯೆ ಇದು. ಉಳಿದವರದು ಇನ್ನೊಂದು: ಡೀಸೆಲ್ ಟ್ಯಾಂಕು ಕಾಲು ಭಾಗಕ್ಕಿಂತ ಕೆಳಗಿಳಿದರೆ ಹೀಟರಿಗೆ ಎಣ್ಣೆ ಸಿಗದ ಹಾಗೆ ಅದರ ಕೊಳವೆ ಇಟ್ಟಿರುತ್ತಾರೆ, ನೀವು ದಾರಿಯಲ್ಲಿ ಎಣ್ಣೆ ಮುಗಿದು ನಿಲ್ಲದಿರಲಿ ಎಂದು. ಆದ್ದರಿಂದ ಅರ್ಧ ಟ್ಯಾಂಕಿಗೆ ಬಂದಾಗಲೇ ತುಂಬಿಸಿ. ಫೋನು, ಕ್ಯಾಮೆರಾ ಎಲ್ಲ ಗಾಡಿ ಓಡುವಾಗ ಚಾರ್ಜ್ ಆಗಲಿ.

ಒಲೆ ಹಚ್ಚಿ ಚಳಿ ಕಾಯಿಸಿಕೊಳ್ಳಬೇಡಿ. ಮುಚ್ಚಿದ ವ್ಯಾನಿನಲ್ಲಿ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಅಡುಗೆ

ಬರ್ನರಿನ ಗುಂಡಿ ಒತ್ತಿ ಹಚ್ಚಿದ ಮೇಲೂ ಹತ್ತು ಹದಿನೈದು ಸೆಕೆಂಡ್ ಒತ್ತಿಯೇ ಹಿಡಿಯಬೇಕು. ಅದರೊಳಗಿನ ಸುರಕ್ಷಾ ಕಡ್ಡಿ ಕಾದ ಮೇಲಷ್ಟೇ ಗ್ಯಾಸ್ ಹರಿಯುತ್ತಲೇ ಇರುತ್ತದೆ. ಬೇಗ ಬಿಟ್ಟು ‘ಒಲೆ ಕೆಟ್ಟಿದೆ’ ಎನ್ನುವವರೇ ಹೆಚ್ಚು.

ಮೂರು ಲೀಟರಿನ ಕುಕ್ಕರ್ ತಂದರೆ ಇಡೀ ಪ್ರವಾಸ ಹಗುರ. ಅನ್ನ, ಬೇಳೆ ಒಟ್ಟಿಗೆ ಇಟ್ಟು ಮೂರು ವಿಷಲ್. ಆದರೆ ಒಗ್ಗರಣೆ ಇಲ್ಲಿ ಯುದ್ಧ ಕಾರ್ಯಾಚರಣೆ. ಹೊಗೆ ಸೂಚಕ ಒಲೆಯಿಂದ ಕೈಯಳತೆಯಲ್ಲೇ ಇರುತ್ತದೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಐದನೇ ಸೆಕೆಂಡಿಗೆ ಅದು ಇಡೀ ಕ್ಯಾಂಪನ್ನು ಎಬ್ಬಿಸುತ್ತದೆ. ಮೊದಲು ಚಾವಣಿಯ ಕಿಂಡಿ ಪೂರ್ತಿ ತೆರೆಯಿರಿ, ಪಕ್ಕದ ಬಾಗಿಲು ಸರಿಸಿ, ಒಲೆ ಹತ್ತಿರದ ಕಿಟಕಿಯನ್ನೂ. ಎಣ್ಣೆ ಕಾದು ಹೊಗೆಯಾಡುವ ಮುಂಚೆಯೇ ಸಾಸಿವೆ ಹಾಕಿ, ತಟ್ಟೆ ಮುಚ್ಚಿ. ಸಾಸಿವೆ ಸಿಡಿದು ನಿಂತ ಮೇಲೆ ಉರಿ ಆರಿಸಿ, ಆ ಕಾವಿನಲ್ಲೇ ಇಂಗು, ಮೆಣಸಿನಕಾಯಿ ಹಾಕಿ, ತಕ್ಷಣ ಸಾರಿಗೆ ಸುರಿಯಿರಿ. ಹಾಸಿಗೆಯ ಪರದೆ ಎಳೆದಿಟ್ಟಿರಿ, ಇಲ್ಲದಿದ್ದರೆ ಹತ್ತೂ ದಿನ ದಿಂಬಿನಲ್ಲಿ ಇಂಗಿನ ಘಮ. ಸೂಚಕದ ಬ್ಯಾಟರಿ ಕಿತ್ತಿಡುವ ಬುದ್ಧಿವಂತಿಕೆ ಮಾತ್ರ ಬೇಡ.

ಕುಕ್ಕರಿನ ಹಬೆ, ಇಬ್ಬರ ಉಸಿರು ಸೇರಿ ಬೆಳಗಾಗುವಷ್ಟರಲ್ಲಿ ಗಾಜುಗಳಿಂದ ನೀರು ಇಳಿಯುತ್ತಿರುತ್ತದೆ. ಎಷ್ಟೇ ಚಳಿಯಿದ್ದರೂ ಮೇಲಿನ ಕಿಂಡಿ ಎರಡು ಬೆರಳು ತೆರೆದು ಮಲಗಿ.

ರಸ್ತೆ

ಎಡಬದಿಯ ಸಂಚಾರ, ಸ್ಟೀರಿಂಗ್ ಬಲಕ್ಕೆ, ನಮಗೆ ಹೊಸದೇನಲ್ಲ. ಊರೊಳಗೆ ಸಾಮಾನ್ಯವಾಗಿ 50, ಹೊರಗೆ 100 ಕಿ.ಮೀ. ಮಿತಿ, 3,500 ಕೆ.ಜಿ. ಮೀರಿದ ಗಾಡಿಗೆ 90. ಆದರೆ ಮಿತಿ 100 ಎಂದರೆ 100ರಲ್ಲಿ ಓಡಿಸಿ ಎಂದಲ್ಲ. ವ್ಯಾನಿನ ಸರಾಸರಿ 65 ಎಂದು ಹಿಡಿಯಿರಿ. ಹಿಂದೆ ನಾಲ್ಕು ಕಾರು ಸಾಲುಗಟ್ಟಿದರೆ ಮುಂದಿನ ಅಗಲ ಜಾಗದಲ್ಲಿ ಎಡಕ್ಕೆ ಸರಿದು ಬಿಡಿ. ಹಾರ್ನ್ ಹೊಡೆಯುವುದು ಅಲ್ಲಿ ಬೈಗುಳಕ್ಕೆ ಸಮ.

ಒಂದೇ ಗಾಡಿ ಹಿಡಿಸುವ ಸೇತುವೆಗಳು ಮೇಲಿಂದ ಮೇಲೆ ಸಿಗುತ್ತವೆ. ನೀಲಿ ಫಲಕದಲ್ಲಿ ನಿಮ್ಮ ದಿಕ್ಕಿನ ಬಿಳಿ ಬಾಣ ದೊಡ್ಡದಿದ್ದರೆ ನೀವು ಮೊದಲು. ಕೆಂಪು ಅಂಚಿನ ದುಂಡು ಫಲಕದಲ್ಲಿ ನಿಮ್ಮದು ಸಣ್ಣ ಕೆಂಪು ಬಾಣವಾದರೆ ನಿಂತು, ಎದುರಿನವರಿಗೆ ಬಿಡಿ. ಯಾರು ಮೊದಲು ಮೂತಿ ತೂರಿಸಿದರೋ ಅವರದೇ ಸೇತುವೆ ಎನ್ನುವ ನಮ್ಮ ಪದ್ಧತಿ ಇಲ್ಲಿ ನಡೆಯದು.

ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಆಟೋಮ್ಯಾಟಿಕ್ ಗೇರನ್ನೂ ಕೈಯಿಂದ ಎರಡಕ್ಕೋ ಮೂರಕ್ಕೋ ಇಳಿಸಬಹುದು. ಸುಟ್ಟ ವಾಸನೆ ಬಂತೆಂದರೆ ಪಕ್ಕಕ್ಕೆ ನಿಲ್ಲಿಸಿ ಕಾಲು ಗಂಟೆ ಆರಲು ಬಿಡಿ.

ಗಾಳಿಯದು ಬೇರೆಯೇ ಕಥೆ. ಟೆಕಪೊ, ಪುಕಾಕಿ ಸುತ್ತಲಿನ ಮೆಕೆಂಜಿ ಬಯಲಿನಲ್ಲಿ ವಾಯವ್ಯದಿಂದ ಬೀಸುವ ಗಾಳಿ, ಬಾಗಿಲು ತೆರೆದ ಕ್ಷಣಕ್ಕೆ ಕೈಯಿಂದ ಕಿತ್ತುಕೊಂಡು ಮುಂದಕ್ಕೆ ಮಡಚಿಬಿಡುತ್ತದೆ. ನಿಲ್ಲಿಸುವಾಗ ಮೂತಿ ಗಾಳಿಗೆ ಎದುರಾಗಿರಲಿ. ಗಾಜು ಒಂದಿಂಚು ಇಳಿಸಿ ಗಾಳಿಯ ಜೋರು ನೋಡಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಿರಿ. ಇಬ್ಬರೂ ಒಟ್ಟಿಗೆ ಎರಡೂ ಬದಿಯ ಬಾಗಿಲು ತೆರೆಯಬೇಡಿ.

ರಿವರ್ಸ್ ತೆಗೆಯುವಾಗ ಒಬ್ಬರು ಇಳಿಯಲೇಬೇಕು, ಕ್ಯಾಮೆರಾ ಇದ್ದರೂ. ಬಲಗಡೆ ಕನ್ನಡಿಯಲ್ಲಿ ಕಾಣುವ ಹಾಗೆ ಹಿಂದೆ ನಿಂತು, ಮರದ ಕೊಂಬೆಯನ್ನೂ ನೋಡುತ್ತಾ, ನಮ್ಮ ಬಸ್ ಕಂಡಕ್ಟರುಗಳ ಹಾಗೆ ಬಾಡಿ ತಟ್ಟಿ ಹೇಳಿ. ಎರಡು ತಟ್ಟಿದರೆ ಬರಲಿ, ಒಂದು ತಟ್ಟಿದರೆ ನಿಲ್ಲಲಿ. ಕೂಗಿ ಹೇಳಿದ್ದು ಎಂಜಿನ್ ಸದ್ದಿನಲ್ಲಿ ಕೇಳುವುದಿಲ್ಲ, ಕೇಳಿದರೆ ಜಗಳವಾಗುತ್ತದೆ.

ದಿನದ ಲೆಕ್ಕ

ಮೊದಲ ದಿನ ವ್ಯಾನು, ಸಾಮಾನು ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಜೆರಾಲ್ಡಿನ್‌ವರೆಗೆ ಸುಮಾರು 140 ಕಿ.ಮೀ. ಅಷ್ಟೇ ಸಾಕು. ಹಾಲಿಡೇ ಪಾರ್ಕಿನಲ್ಲಿ ಕರೆಂಟಿರುವ ಜಾಗ ಹಿಡಿದು, ಏನೇನು ಕೆಲಸ ಮಾಡುತ್ತಿಲ್ಲ ಎಂದು ಅಲ್ಲೇ ಕಂಡುಕೊಳ್ಳಿ. ಡಿಪೋ ಇನ್ನೂ ಹತ್ತಿರದಲ್ಲೇ ಇರುತ್ತದೆ.

ಎರಡನೇ ದಿನ ಬರ್ಕ್ಸ್ ಪಾಸ್ ಹತ್ತಿ ಟೆಕಪೊ, ಸುಮಾರು 90 ಕಿ.ಮೀ. ಹಿಮನದಿ ಅರೆದ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುವುದರಿಂದ ಆ ಹಾಲು ಬೆರೆಸಿದಂಥ ನೀಲಿ. ದಂಡೆಯ ಕಲ್ಲಿನ ಗುಡ್ ಶೆಫರ್ಡ್ ಚರ್ಚ್ 1935ರದು. ಈ ಸೀಮೆ 2012ರಿಂದ ಅಂತರರಾಷ್ಟ್ರೀಯ ಕತ್ತಲಾಕಾಶ ಮೀಸಲು ಪ್ರದೇಶ. ರಾತ್ರಿ ಹೊರಗಿನ ದೀಪ ಆರಿಸಿ, ಹತ್ತು ನಿಮಿಷ ಫೋನು ನೋಡದೆ ನಿಂತರೆ ಆಕಾಶಗಂಗೆ ಕಣ್ಣಿಗೇ ಕಾಣುತ್ತದೆ, ಚಂದ್ರ ಇರಬಾರದು ಅಷ್ಟೆ. ಹೊರಡುವ ಮುನ್ನ ನೀರು ತುಂಬಿ, ಉಳಿದೆರಡನ್ನು ಖಾಲಿ ಮಾಡಿ, ರಾತ್ರಿಯಿಡೀ ಬ್ಯಾಟರಿ ಚಾರ್ಜ್ ಮಾಡಿಕೊಂಡಿರಿ. ಮುಂದಿನ ಎರಡು ರಾತ್ರಿ ತಂಗುವ ಕ್ಯಾಂಪಿನಲ್ಲಿ ಕರೆಂಟಿಲ್ಲ.

ಮೂರು ಮತ್ತು ನಾಲ್ಕನೇ ರಾತ್ರಿ ಔರಾಕಿ, ಅಂದರೆ ಮೌಂಟ್ ಕುಕ್, 3,724 ಮೀಟರ್. ಟೆಕಪೊದಿಂದ 105 ಕಿ.ಮೀ.; ಕೊನೆಯ 55ರಲ್ಲಿ ಹೆಚ್ಚು ಭಾಗ ಪುಕಾಕಿ ಸರೋವರದ ಅಂಚಿನಲ್ಲೇ. ಬೆಟ್ಟ ಎದುರಿಗೇ ಬೆಳೆಯುತ್ತಾ ಬರುತ್ತದೆ, ಡ್ರೈವರಿಗೆ ಕಣ್ಣು ರಸ್ತೆ ಮೇಲಿಡುವುದೇ ಕಷ್ಟ. ವೈಟ್ ಹಾರ್ಸ್ ಹಿಲ್ ಎನ್ನುವುದು ಅರಣ್ಯ ಇಲಾಖೆಯಂಥ ‘ಡಾಕ್’ ಸಂಸ್ಥೆಯ ಕ್ಯಾಂಪು. ಶೌಚಾಲಯವಿದೆ, ಕರೆಂಟಿಲ್ಲ. ಹುಕರ್ ಕಣಿವೆಯ ಕಾಲುದಾರಿ ಅಲ್ಲಿಂದಲೇ ಶುರು: ಹೋಗಿ ಬರಲು 10 ಕಿ.ಮೀ., ಮೂರು ಗಂಟೆ, ಹತ್ತುವುದು ಕಮ್ಮಿ. 2025ರಲ್ಲಿ ಹೊಸ ತೂಗುಸೇತುವೆಯ ಕೆಲಸಕ್ಕೆಂದು ಎರಡನೇ ಸೇತುವೆಯಾಚೆ ಮುಚ್ಚಿದ್ದರು, ಆದ್ದರಿಂದ ಡಾಕ್ ವೆಬ್‌ಸೈಟ್ ನೋಡಿಯೇ ಯೋಜನೆ ಹಾಕಿ. ಜೋರು ಗಾಳಿಯ ಎಚ್ಚರಿಕೆ ಇದ್ದರೆ ಹಟ ಮಾಡದೆ ಹಿಂದಕ್ಕೆ ಗ್ಲೆಂಟಾನರ್‌ಗೆ ಬನ್ನಿ, ಅಲ್ಲಿ ಕರೆಂಟೂ ಇದೆ. ಕಿಯಾ ಎಂಬ ಬೆಟ್ಟದ ಗಿಳಿ ಕಿಟಕಿಯ ರಬ್ಬರನ್ನು ಸಿಪ್ಪೆಯಂತೆ ಸುಲಿಯುತ್ತದೆ. ಅದಕ್ಕೆ ತಿಂಡಿ ಹಾಕಿದರೆ ಕಂಪನಿಯ ಬಿಲ್ಲು ನಿಮಗೆ.

ಐದನೇ ದಿನ ಟ್ವೈಜಲ್‌ನಲ್ಲಿ ಡಂಪ್, ನೀರು, ಡೀಸೆಲ್. ಆಮೇಲೆ 971 ಮೀಟರ್ ಎತ್ತರದ ಲಿಂಡಿಸ್ ಪಾಸ್ ದಾಟಿ ವನಾಕಾ, ಒಟ್ಟು 210 ಕಿ.ಮೀ. ಮರವಿಲ್ಲದ ಹುಲ್ಲು ಬೆಟ್ಟಗಳು ಚಿನ್ನದ ಬಣ್ಣಕ್ಕೆ ಮಡಿಕೆ ಮಡಿಕೆಯಾಗಿ ಬಿದ್ದಿರುತ್ತವೆ. ವನಾಕಾದಲ್ಲಿ ಎರಡು ರಾತ್ರಿ, ಕರೆಂಟಿರುವಲ್ಲಿ. ಬಟ್ಟೆ ಒಗೆಯುವ ದಿನವೂ ಅದೇ. ರಾಯ್ಸ್ ಪೀಕ್ ಬೆಟ್ಟ ಹತ್ತಿ ಇಳಿಯಲು 16 ಕಿ.ಮೀ. ಬಿಸಿಲು ದಾರಿ, ನೆರಳೇ ಇಲ್ಲ. ಕುರಿಗಳು ಮರಿ ಹಾಕುವ ಕಾಲವೆಂದು ಅಕ್ಟೋಬರ್ 1ರಿಂದ ನವೆಂಬರ್ 10ರವರೆಗೆ ಮುಚ್ಚಿರುತ್ತದೆ.

ಏಳನೇ ದಿನ ಕ್ವೀನ್ಸ್‌ಟೌನ್. ಕ್ರೌನ್ ರೇಂಜ್ ಮೇಲಿನಿಂದ 70 ಕಿ.ಮೀ., ಕ್ರಾಮ್‌ವೆಲ್ ಮೇಲೆ ಸುಮಾರು 115. ಮೊದಲನೆಯದು ಕಡಿದಾದ ಹಿಮ್ಮುರಿ ತಿರುವುಗಳ ದಾರಿ. ದೊಡ್ಡ ವ್ಯಾನಿನವರು ಎರಡನೆಯದನ್ನೇ ಹಿಡಿಯಿರಿ. ಕ್ರಾಮ್‌ವೆಲ್‌ನಲ್ಲಿ ರಸ್ತೆ ಬದಿಗೇ ಹಣ್ಣಿನ ಅಂಗಡಿಗಳಿವೆ, ನಷ್ಟವೇನಿಲ್ಲ. ಕ್ವೀನ್ಸ್‌ಟೌನ್ ಪೇಟೆಯೊಳಗೆ ವ್ಯಾನು ಒಯ್ಯಬೇಡಿ. ಪಾರ್ಕಿಂಗ್ ಸಿಗದು, ಬಸ್ಸಿದೆ. ಗ್ಲೆನಾರ್ಕಿ ರಸ್ತೆಯ ಟ್ವೆಲ್ವ್ ಮೈಲ್ ಡೆಲ್ಟಾ ಡಾಕ್ ಕ್ಯಾಂಪಿನಲ್ಲಿ ಒಂದು ರಾತ್ರಿ, ಮರುದಿನ ವಕಾಟಿಪು ಸರೋವರದ ತುದಿಯ ಗ್ಲೆನಾರ್ಕಿ ಊರು ನೋಡಿ ಬಂದು ಎಂಟನೇ ರಾತ್ರಿ ಕರೆಂಟಿರುವ ಪಾರ್ಕಿನಲ್ಲಿ.

ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಹೆಸರಾಂತ ತಾಣ ಮಿಲ್‌ಫರ್ಡ್ ಸೌಂಡ್? ಹತ್ತು ದಿನದಲ್ಲಿ ತುರುಕಬೇಡಿ. ತೆ ಅನೌ ಊರಿನಿಂದಲೇ ಸುಮಾರು 120 ಕಿ.ಮೀ. ಬೆಟ್ಟದ ದಾರಿ, ನಡುವೆ ಫೋನಿನ ಸಿಗ್ನಲ್ ಇಲ್ಲ. ಹೋಗಲೇಬೇಕೆಂದರೆ ಎರಡು ದಿನ ಜಾಸ್ತಿ ಮಾಡಿ, ಇಲ್ಲವೇ ಕ್ವೀನ್ಸ್‌ಟೌನ್‌ನಲ್ಲಿ ವ್ಯಾನು ಬಿಟ್ಟು ಪ್ರವಾಸಿ ಬಸ್ಸಿನಲ್ಲಿ ಹೋಗಿ.

ಒಂಬತ್ತನೇ ದಿನ ಮರಳಿ ಟೆಕಪೊವರೆಗೆ 255 ಕಿ.ಮೀ., ಹತ್ತನೇ ದಿನ ಕ್ರೈಸ್ಟ್‌ಚರ್ಚ್‌ಗೆ 230. ಒಂದೇ ದಿನದಲ್ಲಿ 480 ಓಡಿಸಿ ವಿಮಾನ ಹಿಡಿಯುವ ಸಾಹಸ ಬೇಡ. ಡೀಸೆಲ್ ಇಡೀ ಪ್ರವಾಸಕ್ಕೆ, 100 ಕಿ.ಮೀ.ಗೆ 11 ಲೀಟರ್ ಲೆಕ್ಕದಲ್ಲಿ, ಸುಮಾರು 140 ಲೀಟರ್.

ಪ್ರತಿ ಬೆಳಿಗ್ಗೆ, ಕೀ ತಿರುಗಿಸುವ ಮುಂಚೆ

ಇಬ್ಬರೂ ಕೆಲಸ ಹಂಚಿಕೊಳ್ಳಿ, ದಿನಾ ಅದೇ ಕೆಲಸ ಅದೇ ವ್ಯಕ್ತಿಯದು. ಒಳಗಿನವರು: ಚಾವಣಿ ಕಿಂಡಿ, ಫ್ರಿಜ್ಜಿನ ಚಿಲಕ, ಡ್ರಾಯರ್‌ಗಳು, ಒಲೆಯ ಮೇಲಿನ ಕುಕ್ಕರ್, ಪಂಪಿನ ಸ್ವಿಚ್. ಹೊರಗಿನವರು: ಕರೆಂಟಿನ ವೈರು, ಗ್ಯಾಸ್ ಸಿಲಿಂಡರಿನ ಗುಂಡಿ ಬಂದ್, ನೀರಿನ ಮುಚ್ಚಳ, ಮೆಟ್ಟಿಲು, ಕಕ್ಕಸಿನ ಸಣ್ಣ ಬಾಗಿಲು. ಮುಗಿದ ಮೇಲೆ ಜಾಗ ಬದಲಿಸಿ ಒಮ್ಮೆ ಕಣ್ಣಾಡಿಸಿ. ವೈರು ಬಿಡಿಸದೆ ಹೊರಟು ಕಂಬವನ್ನೇ ಎಳೆದುಕೊಂಡು ಹೋಗುವವರು ಪ್ರತಿ ವರ್ಷ ಇರುತ್ತಾರೆ, ಅದಕ್ಕೇ ಅನೇಕರು ಪ್ಲಗ್ ಬಿಚ್ಚುವವರೆಗೆ ಗಾಡಿ ಕೀಯನ್ನು ಆ ವೈರಿನ ಪೆಟ್ಟಿಗೆಯಲ್ಲೇ ಇಟ್ಟಿರುತ್ತಾರೆ.

ವಾಪಸ್ ಕೊಡುವ ದಿನ ಡಿಪೋ ಮುಚ್ಚುವ ಹೊತ್ತು ಮೊದಲೇ ಕೇಳಿಕೊಳ್ಳಿ, ಬಹಳಷ್ಟು ಕಡೆ ಮೂರೂವರೆ ನಾಲ್ಕಕ್ಕೆಲ್ಲ ಬಾಗಿಲು ಹಾಕುತ್ತಾರೆ. ಡೀಸೆಲ್ ಪೂರ್ತಿ ತುಂಬಿಸಿ, ರಸೀದಿ ಇಟ್ಟುಕೊಂಡು, ಮೂರೂ ಟ್ಯಾಂಕಿನ ಕೆಲಸ ಮುಗಿಸಿ ಹೋಗಿ. ತುಂಬಿದ ಕಕ್ಕಸಿನ ಡಬ್ಬಿಯೊಂದಿಗೆ ವ್ಯಾನು ಒಪ್ಪಿಸಿದರೆ ಅವರು ಹಾಕುವ ಶುಲ್ಕದಲ್ಲಿ ಇನ್ನೆರಡು ರಾತ್ರಿ ಸರೋವರದ ದಂಡೆಯಲ್ಲಿ ಕಳೆಯಬಹುದಿತ್ತು.